ನೆತ್ತಿಗೇರಿತು ಅಂದವಳು ನಾನು

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವಳು ನಾನು. ಪಾಠದಲ್ಲಿ ‘ನೆತ್ತಿಗೇರು’ ಎಂಬ ಮಾತು ಬಂದಾಗಲೆಲ್ಲ ಬೋರ್ಡಿನ ಮೇಲೆ ಬರೆದು ಅರ್ಥ ಹೇಳುತ್ತಿದ್ದೆ: ಏರಬಹುದಾದಷ್ಟು ಏರುವುದು, ಅದರಾಚೆಗೆ ಏರಲು ಜಾಗವೇ ಇಲ್ಲದಿರುವುದು. ಹೊತ್ತು ನೆತ್ತಿಗೇರುತ್ತದೆ, ಪಿತ್ತ ನೆತ್ತಿಗೇರುತ್ತದೆ, ಕುಡಿದದ್ದು ನೆತ್ತಿಗೇರುತ್ತದೆ, ನಾಲ್ಕು ಜನ ಹೊಗಳಿಬಿಟ್ಟರೆ ಆ ಹೊಗಳಿಕೆಯೂ ನೆತ್ತಿಗೇರುತ್ತದೆ. ಸ್ವಂತ ವಾಕ್ಯದಲ್ಲಿ ಬಳಸಿ ಎಂದರೆ ಹಿಂದಿನ ಬೆಂಚಿನವರು ನನ್ನನ್ನೇ ನೋಡುತ್ತಾ ‘ಮೇಡಂ ಅವರಿಗೆ ಕೋಪ ನೆತ್ತಿಗೇರಿತು’ ಎಂದು ಬರೆದು ಕಿಸಕ್ಕನೆ ನಗುತ್ತಿದ್ದರು. ನಾನೂ ನಕ್ಕು ಸರಿ ಗುರುತು ಹಾಕುತ್ತಿದ್ದೆ. ಆದರೆ ಆ ಮಾತಿಗೆ ನಮ್ಮ ಮನೆಯಲ್ಲಿದ್ದ ಇನ್ನೊಂದು ಬಳಕೆಯನ್ನು ಒಂದು ದಿನವೂ ಹೇಳಲಿಲ್ಲ. ಹೇಳಹೊರಟಿದ್ದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು.

ನಮ್ಮದು ಪಿರಿಯಾಪಟ್ಟಣದ ಕಡೆ, ಹಾರನಹಳ್ಳಿಗೆ ಹತ್ತಿರದ ಊರು. ಮನೆಯ ಹಿತ್ತಲಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಇತ್ತು. ಮಣ್ಣಿನ ಎತ್ತರದ ಗೋಡೆ, ಮೇಲೆ ಹೆಂಚು, ಕಿಟಕಿಯಿಲ್ಲದ ಒಂದೇ ಕೋಣೆ. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ನೇತುಹಾಕಿ ಬಾಗಿಲು ಮುಚ್ಚುತ್ತಿದ್ದರು. ಹೊರಗಡೆಯ ಒಲೆಬಾಯಿಗೆ ಸೌದೆ ಹಾಕಿದರೆ ಆ ಬಿಸಿ ತಗಡಿನ ಕೊಳವೆಗಳಲ್ಲಿ ಹಾದು ಒಳಗೆಲ್ಲ ಹರಡುತ್ತಿತ್ತು. ಮೊದಲೆರಡು ದಿನ ಸಣ್ಣ ಉರಿ, ಎಲೆ ಹಳದಿಯಾಗಬೇಕು. ಆಮೇಲೆ ದಿನದಿನಕ್ಕೆ ಏರಿಸುತ್ತಾ ಹೋಗಬೇಕು. ಐದನೆಯ ದಿನ ಎಲೆಯ ನಡುವಿನ ದಪ್ಪ ನರವೂ ಒಣಗುವಷ್ಟು ಕಾವು ಬರಬೇಕು, ಬಂದ ಕೂಡಲೇ ಸೌದೆ ನಿಲ್ಲಿಸಿ ಬರೀ ಕೆಂಡದಲ್ಲಿ ಹಿಡಿದಿಡಬೇಕು. ಆ ಕಾವಿಗೆ ಅಪ್ಪ ಇಟ್ಟಿದ್ದ ಹೆಸರೇ ನೆತ್ತಿ. ಹಿಂಗೋಡೆಯಲ್ಲಿ ಅಂಗೈಯಗಲದ ಒಂದು ಗಾಜಿನ ಕಿಂಡಿ, ಅದರೊಳಗೆ ಥರ್ಮಾಮೀಟರು, ಅದರ ಮೇಲೆ ಒಂದು ಕಡೆ ಅಪ್ಪ ಕಟ್ಟಿದ್ದ ಕೆಂಪು ದಾರ. ಪಾದರಸ ದಾರ ಮುಟ್ಟಿದರೆ ನೋಡುವವರು ‘ನೆತ್ತಿಗೇರ್ತು’ ಎಂದು ಕೂಗಬೇಕು. ಡಿಗ್ರಿ ಎಷ್ಟು ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಹೇಳಿದರೆ ಬ್ಯಾರನ್ನಿಗೆ ಕಣ್ಣಾಗುತ್ತದೆ ಎಂದು ಅಜ್ಜಿ ಹೆದರುತ್ತಿದ್ದಳು.

ಈ ಕೆಲಸಕ್ಕೆ ಯಾವಾಗಲೂ ಇಬ್ಬರು. ಉರಿ ಹಾಕುವವರು ಗಾಜು ನೋಡಬಾರದು, ಗಾಜು ನೋಡುವವರು ಉರಿಯ ಹತ್ತಿರ ಹೋಗಬಾರದು. ಬೆಂಕಿ ನೋಡಿ ನೋಡಿ ಮಂಜಾದ ಕಣ್ಣಿಗೆ ಆ ಸಣ್ಣ ಪಾದರಸದ ಗೆರೆ ಕಾಣುವುದಿಲ್ಲ, ಅದಕ್ಕೆ. ಆ ಎರಡು ಜಾಗಗಳ ನಡುವೆ ಇಡೀ ಬ್ಯಾರನ್ನಿನ ಗೋಡೆ. ಹಾಗಾಗಿ ಒಬ್ಬರ ಕಣ್ಣು, ಇನ್ನೊಬ್ಬರ ಕಿವಿ, ನಡುವೆ ಆ ಒಂದು ಮಾತು. ಒಲೆ ಉರಿಯುತ್ತಿರುವ ಅಷ್ಟು ದಿನ ಮನೆಯಲ್ಲಿ ಬೇರೆ ಯಾವುದಕ್ಕೂ ಆ ಮಾತು ಆಡುವಂತಿರಲಿಲ್ಲ. ಯಾರೋ ಏನಕ್ಕೋ ಅಂದದ್ದನ್ನು ಕೇಳಿ ಒಲೆಯ ಮುಂದಿದ್ದವರು ಉರಿ ತೆಗೆದುಬಿಟ್ಟರೆ ಗತಿಯೇನು? ಅಜ್ಜಿ ಕೂಡ ‘ಹೊತ್ತು ಮೇಲಕ್ಕೆ ಬಂತು’ ಎಂದು ಸುತ್ತಿ ಬಳಸಿ ಹೇಳುತ್ತಿದ್ದಳು. ಒಂದು ಸಲ ಅವ್ವ ನನ್ನ ಮೇಲಿನ ಸಿಟ್ಟಿನಲ್ಲಿ ‘ಇವಳಿಗೆ ಕೊಬ್ಬು ನೆತ್ತಿಗೇರ್ತು’ ಎಂದು ಅಡಿಗೆಮನೆಯಿಂದಲೇ ಕೂಗಿ, ಅಪ್ಪನಿಂದ ಬೈಸಿಕೊಂಡಿದ್ದಳು. ನನಗೆ ಆಗ ಎಷ್ಟು ಖುಷಿಯಾಯಿತೆಂದರೆ, ಅವತ್ತು ಎರಡು ಮುದ್ದೆ ಉಂಡೆ.

ಆ ದಿನಗಳಲ್ಲಿ ಮನೆಯಲ್ಲಿ ಉಣ್ಣುವ ಅನ್ನಕ್ಕೂ ಹೊಗೆಸೊಪ್ಪಿನ ವಾಸನೆ. ಎಲೆ ಕಟ್ಟಿದವರ ಕೈಗೆ ಕಪ್ಪನೆಯ ಅಂಟು ಮೆತ್ತಿಕೊಂಡು, ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಹೋಗದೆ, ಮುದ್ದೆ ಮುರಿದರೆ ಮೊದಲ ತುತ್ತು ಕಹಿ. ನಡುಮನೆಯಲ್ಲಿ ಅರ್ಧ ಜಾಗ ಎಲೆಯ ರಾಶಿಗೆ, ಉಳಿದರ್ಧದಲ್ಲಿ ನಾವು ಆರು ಜನ. ಅದರಲ್ಲಿ ಆರನೆಯವಳು ಆ ವರ್ಷ ಹೊಸದಾಗಿ ಸೇರಿದ್ದ ನಂಜತ್ತೆ, ಅಪ್ಪನ ಒಬ್ಬಳೇ ತಂಗಿ. ಅವಳನ್ನು ಕೊಟ್ಟಿದ್ದು ಎಚ್.ಡಿ. ಕೋಟೆ ದಾಟಿ ಕೇರಳದ ಗಡಿಯ ಕಡೆಯ ಎನ್. ಬೇಗೂರಿಗೆ. ಮಾವ ಕೈ ಮಾಡುತ್ತಿದ್ದ. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಒಂದು ಚೀಲ ಹಿಡಿದು ಬಂದವಳು, ‘ಇನ್ನು ನಾನು ಅಲ್ಲಿಗೆ ಹೋಗಲ್ಲ’ ಎಂದು ಜಗಲಿಯ ಮೇಲೆ ಕೂತುಬಿಟ್ಟಳು. ಅವಳನ್ನು ಹೆತ್ತ ಅಜ್ಜಿಗೇ ಅದು ಸರಿಬರಲಿಲ್ಲ. ಊರವರು ಏನಂದಾರು, ಮಗಳನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಎಂದು ಊಟಕ್ಕೆ ಕೂತಾಗಲೆಲ್ಲ ಶುರುಮಾಡುತ್ತಿದ್ದಳು. ಅಪ್ಪ ಮಾತ್ರ ತಂಗಿಯ ಕಡೆ.

“ಅವ್ಳು ಉರಿ ಹಾಕಿದ್ರೆ ಎಲೆ ಚಿನ್ನದಂಗೆ ಬತ್ತದೆ ಕಣವ್ವ,” ಅಂದ ಒಂದು ದಿನ, ತಟ್ಟೆ ಪಕ್ಕಕ್ಕೆ ತಳ್ಳಿ. “ಈ ಸಲ ಬ್ಯಾರನ್ನು ಪೂರಾ ಅವ್ಳ ಕೈಲೇ ಬುಡ್ತೀನಿ. ಚೆನ್ನಾಗಿ ಬಂದ್ರೆ ಅವ್ಳು ಇಲ್ಲೇ ಇರ್ತಾಳೆ. ಯಾರೂ ತುಟಿ ಪಿಟಕ್ ಅನ್ನೋ ಅಂಗಿಲ್ಲ.”

“ಬರದಿದ್ರೆ?” ಅಂದಳು ಅಜ್ಜಿ.

“ಬರದಿದ್ರೆ ನೀನು ಹೇಳ್ದಂಗೆ ಆಗ್ಲಿ.”

ನಂಜತ್ತೆ ಒಲೆಯ ಮುಂದೆ ತಲೆ ತಗ್ಗಿಸಿ ಸಾರು ಕಲಕುತ್ತಿದ್ದಳು. ನನಗೆ ಆಗ ಹತ್ತು ವರ್ಷ. ಆ ಮಾತಿನ ತೂಕ ನನಗೆ ತಿಳಿದಿರಲಿಲ್ಲ ಎಂದು ಬರೆಯಬಹುದು, ಬರೆದರೆ ಓದುವವರು ನಂಬಿಯೂ ಬಿಡುತ್ತಾರೆ. ಆದರೆ ತಿಳಿದಿತ್ತು. ಅಜ್ಜಿಯ ಮಗ್ಗುಲಿನಲ್ಲಿ ಮಲಗುವ ನನ್ನ ಜಾಗ ಅತ್ತೆಗೆ ಹೋಗಿದ್ದು ನನಗೆ ಹೊಟ್ಟೆಯುರಿ ತಂದಿತ್ತು ಎನ್ನುವುದೂ ನಿಜ. ಹಾಗಂತ ಅವಳು ಕೆಟ್ಟವಳಲ್ಲ. ನನಗೆ ಅಣ್ಣೆಕಲ್ಲು ಆಡಲು ಹೊಳೆಯಿಂದ ನುಣ್ಣನೆಯ ಐದು ಕಲ್ಲು ಆರಿಸಿ ತಂದುಕೊಟ್ಟವಳೇ ಅವಳು.

ಶ್ರಾವಣದಲ್ಲಿ ಎರಡನೆಯ ಸಲ ಬ್ಯಾರನ್ನು ತುಂಬಿದ್ದರು. ಮೊದಲನೆಯದು ಎಷ್ಟು ಚೆಂದ ಬಂದಿತ್ತೆಂದರೆ ಅಕ್ಕಪಕ್ಕದವರು ಬಂದು ಎಲೆ ಮುಟ್ಟಿ ನೋಡಿ ಹೋಗಿದ್ದರು. ಎರಡನೆಯದರ ಐದನೆಯ ದಿನ, ಅಪ್ಪ ಗೋಣಿಚೀಲ ತರಲು ಪಿರಿಯಾಪಟ್ಟಣಕ್ಕೆ ಹೋಗಿದ್ದ. ಬೆಳಿಗ್ಗೆ ಅಂಗಳದಲ್ಲಿ ನಾಲ್ಕೈದು ಹೆಂಗಸರು ಮುಂದಿನ ಸಲದ ಎಲೆ ಕಟ್ಟುತ್ತಾ ಕೂತಿದ್ದರು. ಅತ್ತೆ ನನ್ನನ್ನು ಅವರ ನಡುವೆ ಕೂರಿಸಿಕೊಂಡು ತಲೆ ಬಾಚಿದಳು. ಬಾಚಣಿಗೆ ಎತ್ತಿ ಬಿಸಿಲಿಗೆ ಹಿಡಿದು ನೋಡಿ, “ಅಯ್ಯೋ ಶಿವನೇ, ಈ ಅಮ್ಮಿ ತಲೇಲಿ ಹೇನಿನ ಸಂತೆ ಕಟ್ಟದಲ್ಲಪ್ಪ!” ಅಂದಳು. ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಒಬ್ಬಳು, “ಸೊಪ್ಪಿನ ಜೊತೆ ಇವ್ಳನ್ನೂ ಕಡ್ಡಿಗೆ ಕಟ್ಟಿ ಒಳಗೆ ತೂಗಾಕ್ರವ್ವ, ಎಲ್ಲ ಉದುರೋಯ್ತವೆ” ಅಂದಳು. ಅತ್ತೆಯೂ ನಕ್ಕಳು. ನಾನು ಜಡೆ ಹಾಕಿಸಿಕೊಳ್ಳದೆ ಎದ್ದು ಹೋದೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿಕೊಳ್ಳಲು ನಾನು ಬಹಳ ವರ್ಷ ಒದ್ದಾಡಿದ್ದೇನೆ, ಸಿಕ್ಕಿಲ್ಲ.

ಹೊತ್ತು ಏರಿದ ಮೇಲೆ ಅತ್ತೆ ಒಲೆಬಾಯಿಗೆ ಕೂತಳು. ನನ್ನನ್ನು ಹಿಂಗೋಡೆಯ ಕಿಂಡಿಗೆ ಕಳಿಸಿದಳು. ನಾನು ಮುಖ ಊದಿಸಿಕೊಂಡು ಹೋಗಿ, ಕಿಂಡಿಗೆ ಹತ್ತು ಹೆಜ್ಜೆ ಆಚೆ ಹೊಂಗೆಮರದ ಕೆಳಗೆ ಕೂತೆ, ಕಲ್ಲು ತೆಗೆದು ಆಡತೊಡಗಿದೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಅತ್ತೆಯ ದನಿ ಬಂತು.

“ನೆತ್ತಿಗೇರ್ತೇನಮ್ಮೀ?”

“ಇನ್ನೂ ಇಲ್ಲ ಕಣತ್ತೆ!” ಅಂದೆ, ಕೂತಲ್ಲಿಂದಲೇ.

ಎರಡನೆಯ ಸಲವೂ ಕೇಳಿದಳು. ಎರಡನೆಯ ಸಲವೂ ಅದನ್ನೇ ಅಂದೆ. ಕೈಯಲ್ಲಿ ನಾಲ್ಕು ಕಲ್ಲಿದ್ದವು, ಒಂದು ಮೇಲಿತ್ತು. ಮೂರನೆಯ ಸಲ ಅವಳ ದನಿಯಲ್ಲಿ ಅನುಮಾನವಿತ್ತು.

“ಸರಿಯಾಗಿ ನೋಡಮ್ಮಿ. ಗೋಡೆ ಮುಟ್ಟಿದ್ರೆ ಏರ್ದಂಗದೆ ನಂಗೆ.”

“ಇಲ್ಲ ಅಂದ್ನಲ್ಲ! ದಾರದಿಂದ ಇನ್ನೂ ಕೆಳ್ಗದೆ!”

ಕೆಳಗಿದೆ ಎಂದೆ. ನೋಡದವಳು ಅಷ್ಟು ವಿವರವಾಗಿ ಹೇಳಿದೆ. ಅವಳು ತನ್ನ ಅಂಗೈಯನ್ನು ಬಿಟ್ಟು ನನ್ನ ಕಣ್ಣನ್ನು ನಂಬಿದಳು, ನಮ್ಮ ಮನೆಯ ನಿಯಮವೇ ಅದಾಗಿತ್ತಲ್ಲ. ಸೌದೆ ಒಲೆಗೆ ಬಿದ್ದ ಸದ್ದು ನನಗೆ ಕೇಳಿಸಿತು. ಆಮೇಲೆ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮೊದಲು ಬಂದದ್ದು ವಾಸನೆ. ಹೊಗೆಸೊಪ್ಪಿನ ಮಾಮೂಲಿ ಸಿಹಿವಾಸನೆ ಹೋಗಿ ಕಮಟು ವಾಸನೆ. ತಲೆಯೆತ್ತಿ ನೋಡಿದರೆ ಹೆಂಚಿನ ಸಂದುಗಳಿಂದ ಹಳದಿ ಹೊಗೆ. ಒಣಗಿ ಗರಿಗರಿಯಾದ ಒಂದು ಎಲೆ ಕಳಚಿ ಕೆಂಪಗೆ ಕಾದ ಕೊಳವೆಯ ಮೇಲೆ ಬಿದ್ದಿತ್ತು, ಅಷ್ಟೇ ಸಾಕಾಯಿತು. ಹೆಂಗಸರು ಕೂಗಿಕೊಂಡು ಓಡಿಬಂದರು. ಬಾಗಿಲು ತೆಗೆಯಬೇಡ ಎಂದು ಯಾರೋ ಅರಚುತ್ತಿರುವಾಗಲೇ ಅತ್ತೆ ಬಾಗಿಲು ತೆಗೆದು ಒಳಗೆ ನುಗ್ಗಿ, ಕೈಗೆ ಸಿಕ್ಕಷ್ಟು ಕಡ್ಡಿ ಎಳೆದು ಹೊರಗೆ ಎಸೆದಳು. ಎರಡನೆಯ ಸಲ ನುಗ್ಗಲು ಹೋದವಳನ್ನು ಅವ್ವ ಸೀರೆ ಹಿಡಿದು ಎಳೆದಳು. ಬಾವಿಯಿಂದ ನೀರು ಬರುವಷ್ಟರಲ್ಲಿ ಮಾಡು ಕುಸಿಯಿತು. ಅತ್ತೆಯ ಬಲಗೈ ಮೊಣಕೈವರೆಗೆ ಬೆಂದಿತ್ತು.

ಸಂಜೆಗೆ ಮುಂಚೆ ಅಪ್ಪ ಬಂದ. ಗೋಣಿಚೀಲದ ಕಟ್ಟನ್ನು ಜಗಲಿಯ ಮೇಲಿಟ್ಟು ಹಿತ್ತಲಿಗೆ ಹೋಗಿ ನೋಡಿ ಬಂದು ಕೂತ. ಎಲ್ಲರೂ ಸುತ್ತ ನಿಂತಿದ್ದೆವು. ಅತ್ತೆಯ ಕೈಗೆ ಅವ್ವ ಬಾಳೆಲೆ ಸುತ್ತಿದ್ದಳು.

“ಯಾಕ್ ನಂಜಿ ಅಷ್ಟು ಸೌದೆ ತುಂಬ್ದೆ?” ಅಂದ ಅಪ್ಪ. ಬೈಗುಳದ ದನಿಯಲ್ಲ, ನಿಜವಾಗಿ ತಿಳಿಯಬೇಕಿತ್ತು ಅವನಿಗೆ.

“ಏರಿಲ್ಲ ಅಂತು ಕಣಣ್ಣ, ಮಗ. ಮೂರ್ ಸಲಿ ಕೇಳ್ದೆ.”

ಅಪ್ಪ ನನ್ನ ಕಡೆ ತಿರುಗಿದ. “ಏನಮ್ಮಿ?”

ಆಗ ನಾನು ಹೇಳಿದ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ. ಇದುವರೆಗೆ ಎಲ್ಲೂ ಬರೆದಿಲ್ಲ.

“ಇಲ್ಲ ಕಣಪ್ಪ. ನೆತ್ತಿಗೇರ್ತು ಅಂತ ಎರಡು ಸಲಿ ಕೂಗ್ದೆ. ಅತ್ತೇಗೆ ಕೇಳ್ನಿಲ್ಲ.”

ನೋಡಲಿಲ್ಲ ಎಂದು ಒಪ್ಪಿಕೊಂಡಿದ್ದರೆ ಒಂದು ಏಟು ಬೀಳುತ್ತಿತ್ತು, ಎರಡು ದಿನ ಅಪ್ಪ ಮಾತು ಬಿಡುತ್ತಿದ್ದ. ಅದಕ್ಕೆ ಹೆದರಿ ನಾನು ಆ ಮಾತು ಆಡಿದೆ. ಎಲೆ ಕಟ್ಟುತ್ತಿದ್ದ ಹೆಂಗಸರಲ್ಲಿ ಒಬ್ಬಳು, “ಏನೋ ಕೂಗ್ದಂಗಾಯ್ತು ಕಣಣ್ಣ, ಈ ಮಗ” ಅಂದಳು. ಅವಳೂ ಸುಳ್ಳು ಹೇಳಲಿಲ್ಲ ಪಾಪ, ನಾನು ಕೂಗಿದ್ದಂತೂ ಹೌದು. ಅಜ್ಜಿಗೆ ಅಷ್ಟೇ ಬೇಕಿತ್ತು. “ಕೇಳಿಸ್ಕಳಕ್ಕೆ ಗ್ಯಾನ ಇರ್ಬೇಕಲ್ಲ! ಗಂಡನ ಮನೆ ಬುಟ್ಟು ಬಂದೋಳ್ಗೆ ನಮ್ಮನೆ ಒಲೆ ಮೇಲೆ ಗ್ಯಾನ ಎಲ್ಲಿಂದ ಬತ್ತದೆ?” ಅಂದಳು. ಅತ್ತೆ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, “ಇರ್ಬೋದು ಕಣಣ್ಣ. ನಂಗೇ ಕೇಳ್ನಿಲ್ವೇನೋ” ಅಂದಳು. ಅಪ್ಪ ಎದ್ದು ಕೈಕಾಲು ತೊಳೆಯಲು ಹೋದ.

ವಾರ ಕಳೆಯುವಷ್ಟರಲ್ಲಿ ಅಜ್ಜಿ ಹೇಳಿಕಳಿಸಿ ಮಾವನನ್ನು ಕರೆಸಿದ್ದಳು. ಅವನಿಗೆ ಒಬ್ಬಟ್ಟು ಮಾಡಿ ಬಡಿಸಿದರು. ಹೊರಡುವಾಗ ಅತ್ತೆ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಗಲ್ಲ ಹಿಡಿದು “ಬತ್ತೀನಿ ಕಣಮ್ಮಿ” ಅಂದಳು. ಅಂದವಳು ಕೂಡಲೇ ಹೊರಡಲಿಲ್ಲ, ಸ್ವಲ್ಪ ಹೊತ್ತು ನಿಂತಳು. ನಾನು ನನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದೆ. ಅಷ್ಟರಲ್ಲಿ ಮಾವ ಬೀದಿಯಿಂದ ಕೂಗಿದ.

ಆಮೇಲೆ ಬೇಗೂರಿನಿಂದ ಸುದ್ದಿ ಬರುತ್ತಿತ್ತು. ಒಂದು ಸಲ ಅತ್ತೆಯ ಮುಂದಿನ ಎರಡು ಹಲ್ಲು ಹೋಗಿವೆಯಂತೆ, ಬಾವಿಕಟ್ಟೆಯ ಮೇಲೆ ಜಾರಿ ಬಿದ್ದಳಂತೆ ಎಂದು ಬಂತು. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ನಂಬಿದವರ ಹಾಗೆ ಸುಮ್ಮನಾದರು. ನಾನು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ, ಹಲಸಿನಹಣ್ಣು ಜಾಸ್ತಿ ತಿಂದಿದ್ದೆ ಎಂದು ಅವ್ವನಿಗೆ ಹೇಳಿದೆ. ಸುಳ್ಳು ಒಂದಕ್ಕೇ ನಿಲ್ಲಲಿಲ್ಲ ನೋಡಿ. ಅಪ್ಪ ಎಷ್ಟೋ ವರ್ಷ ತಂಗಿಯ ಊರಿನ ಕಡೆ ತಲೆ ಹಾಕಲಿಲ್ಲ. ಗೌರಿಹಬ್ಬಕ್ಕೆ ಬಾಗಿನ ಮಾತ್ರ ತಪ್ಪಿಸಲಿಲ್ಲ, ಯಾರ ಕೈಯಲ್ಲಾದರೂ ಕೊಟ್ಟು ಕಳಿಸುತ್ತಿದ್ದ, ನನ್ನ ತಮ್ಮ ದೊಡ್ಡವನಾದ ಮೇಲೆ ತಮ್ಮನೇ ಒಯ್ಯುತ್ತಿದ್ದ. ಒಂದು ವರ್ಷ ಅಪ್ಪ ಮೊರಕ್ಕೆ ಬಳೆ, ಅರಿಶಿನ ಜೋಡಿಸುತ್ತಿರುವಾಗ ಹೇಳಿಬಿಡೋಣ ಎಂದು ಹತ್ತಿರ ಹೋಗಿ ನಿಂತೆ. “ಏನಮ್ಮಿ?” ಅಂದ. “ಹಸಿರು ಬಳೆ ಇಡಪ್ಪ” ಅಂದೆ. ನನ್ನ ಮದುವೆಗೆ ಅತ್ತೆ ಬಂದಿದ್ದಳು, ಛತ್ರದ ಕಂಬಕ್ಕೆ ಒರಗಿ ನಿಂತಿದ್ದಳು. ಅಪ್ಪ ಅವಳಿಗೆ ಆಡಿದ ಮಾತು ಒಂದೇ: “ಊಟ ಆಯ್ತಾ?” ಅವತ್ತೂ ಹೇಳಬಹುದಿತ್ತು. ಅಪ್ಪ ಎಂಬತ್ತು ದಾಟಿ ಬದುಕಿದ. ನೆಂಟರ ಮುಂದೆಲ್ಲ, “ನಮ್ ಗಿರ್ಜ ಸುಳ್ಳಾಡೋ ಮಗ ಅಲ್ಲ, ಚಿಕ್ಕೋಳಾಗಿದ್ದಾಗಿಂದ್ಲೂ ಅಷ್ಟೇ” ಅನ್ನುತ್ತಿದ್ದ. ಆ ಮಾತಿನ ರುಚಿ ಹತ್ತಿದ ಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು. ತರಗತಿಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಮಾತ್ರ ನಾನು ಬಿಡುತ್ತಿರಲಿಲ್ಲ, ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅಪ್ಪ ಹೋಗಿ ಎಂಟು ವರ್ಷ. ಹೋದ ತಿಂಗಳು ಏನನ್ನಿಸಿತೋ, ಮೈಸೂರಿನಲ್ಲಿ ಬಸ್ಸು ಹತ್ತಿದೆ. ಹಂಪಾಪುರ ಬರುವವರೆಗೂ ವಾಪಸು ಹೋಗಿಬಿಡಲೇ ಎನ್ನಿಸುತ್ತಿತ್ತು, ಕೋಟೆಯಲ್ಲಿ ಬಸ್ಸು ಬದಲಿಸಿದ ಮೇಲೆ ಆ ಯೋಚನೆ ನಿಂತಿತು. ಮಾವ ಸತ್ತು ಎಷ್ಟೋ ಕಾಲವಾಗಿದೆ. ಅತ್ತೆ ಮಗನ ಮನೆಯ ಪಡಸಾಲೆಯಲ್ಲಿ ಹುರುಳಿ ಕೇರುತ್ತಾ ಕೂತಿದ್ದಳು. ಬಲಗೈಯ ಚರ್ಮ ಮೊಣಕೈವರೆಗೆ ಬೇರೆಯದೇ ಬಣ್ಣ. ಸೊಸೆ ಕಾಫಿ ಕೊಟ್ಟು ಒಳಗೆ ಹೋದ ಮೇಲೆ, ಪೀಠಿಕೆ ಹಾಕದೆ ಹೇಳಿದೆ.

“ಅತ್ತೆ, ಅವತ್ತು ನಾನು ಗಾಜು ನೋಡಿರಲಿಲ್ಲ. ನೆತ್ತಿಗೇರ್ತು ಅಂತ ಕೂಗಿರಲೂ ಇಲ್ಲ.”

“ಗೊತ್ತು ಬುಡು,” ಅಂದಳು, ಮೊರದಿಂದ ಕಣ್ಣೆತ್ತದೆ. “ಆಗ ನನ್ ಕಿವಿ ಚೆನ್ನಾಗೇ ಕೇಳ್ತಿತ್ತು.”

“ಮತ್ತೆ ಯಾಕೆ ಸುಮ್ಮನಾದ್ರಿ?”

“ಹತ್ತು ವರ್ಸದ ಕೂಸಿನ ಜೊತೆ ವಾದ ಮಾಡಕ್ಕಾಯ್ತದಾ? ಹೆದರ್ಕಂಡದೆ, ಇವತ್ತಲ್ಲ ನಾಳೆ ತಾನೇ ಹೇಳ್ತದೆ ಅಂದ್ಕಂಡೆ. ಇಲ್ಲಿಗೆ ಬಂದ್ಮೇಲೆ ಬಸ್ಸು ನಿಂತಾಗೆಲ್ಲ ಎದ್ದೆದ್ದು ನೋಡ್ತಿದ್ದೆ ಕಣಮ್ಮಿ, ಅಣ್ಣ ಇಳೀತಾನೇನೋ ಅಂತ. ಒಂದ್ ವರ್ಸ ನೋಡ್ದೆ. ಆಮೇಲೆ ಮಗ ಉಟ್ದ, ನೋಡೋದು ಬುಟ್ಟೆ.”

ನನಗೆ ಅಳು ಬಂತು. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು, “ಅಳ್ಬ್ಯಾಡ, ಒಳಗೆ ಸೊಸೆ ಅವ್ಳೆ” ಎಂದು ಗದರಿದಳು. ಇಷ್ಟು ವರ್ಷದ ಹೊರೆ ಇಳಿಯಿತು ಎನ್ನಿಸಿಬಿಟ್ಟಿತು. ಮುಖ ಒರೆಸಿಕೊಂಡು ಕಾಫಿ ಕುಡಿದೆ, ರುಚಿಯಾಗಿಯೂ ಇತ್ತು. ಮೂರು ಗಂಟೆಯ ಬಸ್ಸಿಗೆ ಹೊರಡಬಹುದು ಎಂದು ಲೆಕ್ಕ ಹಾಕುವಷ್ಟು ಹಗುರಾಗಿದ್ದೆ. ಆಗ ಅತ್ತೆ ಮೊರವನ್ನು ಕೆಳಗಿಟ್ಟು ತಾನಾಗೇ ಮಾತಾಡಿದಳು.

“ತಡವಾದ್ರೂ ಅಣ್ಣಂಗೆ ಹೇಳಿದ್ಯಲ್ಲ, ಅದೇ ಸಾಕು. ಹೋಗೋ ಹಿಂದಿನ್ ವರ್ಸ ಬಾಗಿನ ತಕಂಡು ಅವ್ನೇ ಬಂದಿದ್ದ. ನೀನು ಹೇಳಿದ್ದೀಯ, ಅದಕ್ಕೇ ಬಂದವ್ನೆ ಅಂತ ಆಗ್ಲೇ ಗೊತ್ತಾಯ್ತು ನಂಗೆ. ಇಲ್ಲೇ ಕೂತ್ಕಂಡು, ನನ್ ಕೈ ಹಿಡ್ಕಂಡು, ‘ಆಗಿದ್ದು ಆಗೋಯ್ತು ಬುಡು ನಂಜಿ, ಮನ್ಸಲ್ಲಿಟ್ಕಬ್ಯಾಡ’ ಅಂದ. ಅಳ್ತಿದ್ದ ಕಣಮ್ಮಿ ಅಣ್ಣ. ಅವ್ನು ಅಷ್ಟು ಅಂದ್ಮೇಲೆ ನಂಗೆ ಯಾರ್ ಮೇಲೂ ಸಿಟ್ಟಿಲ್ಲ.”

ಆ ವರ್ಷ ಅಪ್ಪ ಯಾಕೆ ಹೋಗಿದ್ದನೆಂದು ನನಗೆ ಗೊತ್ತು. ತಮ್ಮನ ಕಾಲು ಉಳುಕಿ ಎದ್ದು ಓಡಾಡುವಂತಿರಲಿಲ್ಲ, ಬಾಗಿನ ಒಯ್ಯಲು ಬೇರೆ ಯಾರೂ ಇರಲಿಲ್ಲ. ಹೌದು ಅಂದುಬಿಡು, ಮುದುಕಿಯ ಮನಸ್ಸಿಗೆ ಯಾಕೆ ಕಲ್ಲು ಹಾಕುತ್ತೀಯ ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವಳು ನೋಡುತ್ತಿದ್ದಳು, ಅವತ್ತು ಜಗಲಿಯ ಮೇಲೆ ನೋಡಿದ ಹಾಗೆಯೇ. ಇನ್ನೊಂದು ಸುಳ್ಳು ಹೇಳುವ ಧೈರ್ಯ ನನಗೆ ಬರಲಿಲ್ಲ.

“ಅಪ್ಪನಿಗೆ ಹೇಳಲಿಲ್ಲ ಅತ್ತೆ,” ಅಂದೆ. “ಒಂದು ದಿನವೂ ಹೇಳಲಿಲ್ಲ.”

ಅವಳು ಹುರುಳಿಯ ಕಾಳೊಂದನ್ನು ನೆಲದಿಂದ ಹೆಕ್ಕಿ ಬೆರಳಲ್ಲೇ ಹಿಡಿದುಕೊಂಡಿದ್ದಳು.

“ಅಂಗಾದ್ರೆ ಅಣ್ಣ ತಪ್ಪಾಯ್ತು ಅನ್ನಕ್ ಬಂದಿರ್ನಿಲ್ಲ,” ಅಂದಳು. “ನನ್ ತಪ್ಪು ಮನ್ನಿಸಕ್ ಬಂದಿದ್ದ.”

“ಹೌದು ಅತ್ತೆ,” ಅಂದೆ.